ಕೆರೆ ಹುಡುಕಿದರೆ ಕರ ಸಿಗುತ್ತಿತ್ತು: ನಮ್ಮ ಲೈಬ್ರರಿ ಪೋರ್ಟಲ್ ರಿಪೇರಿಯ ಕಥೆ

ನಮ್ಮ ಕಾಲೇಜಿನ ಲೈಬ್ರರಿಯಲ್ಲಿ ಎರಡು ಪೋರ್ಟಲ್ ಇದ್ದವು. ಒಂದು ಕಂಪ್ಯೂಟರಿನಲ್ಲಿ. ಇನ್ನೊಂದು ಕೌಂಟರ್ ಪಕ್ಕದ ಸ್ಟೂಲಿನ ಮೇಲೆ ಕೂರುವ ನಮ್ಮ ಅಟೆಂಡರ್.

ಎರಡನೆಯದು ಯಾವತ್ತೂ ಕೆಟ್ಟಿದ್ದಿಲ್ಲ. "ಅಣ್ಣಾ, ಕೆರೆಗಳ ಬಗ್ಗೆ ಪುಸ್ತಕ ಇದೆಯಾ?" ಅಂದರೆ ಸಾಕು, ತಲೆ ಎತ್ತದೆ ಹೇಳುತ್ತಿದ್ದರು: "ಕಿಟಕಿ ಪಕ್ಕದ ಬೀರು, ಮೇಲಿಂದ ಮೂರನೇ ಸಾಲು, ನೀಲಿ ರಟ್ಟು." ಅದೇ ಪ್ರಶ್ನೆಯನ್ನು ಕಂಪ್ಯೂಟರಿಗೆ ಕೇಳಿದರೆ ಸೊನ್ನೆ ಫಲಿತಾಂಶ. ಕನ್ನಡದಲ್ಲಿ ಏನು ಹುಡುಕಿದರೂ ಸೊನ್ನೆ. ಪೋರ್ಟಲಿನ ಮೊದಲ ಪುಟದಲ್ಲಿ ಮಾತ್ರ ಓಡುವ ಅಕ್ಷರದಲ್ಲಿ ಸ್ವಾಗತ, ಕಟ್ಟಡದ ಫೋಟೋ, ಎಷ್ಟು ಜನ ಬಂದರು ಅಂತ ಲೆಕ್ಕ ಹಾಕುವ ಮೀಟರು. ಆ ಮೀಟರಿನಲ್ಲಿ ಅರ್ಧ ಸಂಖ್ಯೆ ನಾನೇ ತೆರೆದು ಮುಚ್ಚಿದ್ದು.

ಅವರು ಮೇ ತಿಂಗಳಲ್ಲಿ ನಿವೃತ್ತರಾಗುತ್ತಾರೆ ಅಂತ ಗೊತ್ತಾದಾಗ ನನಗೆ ಭಯ ಆಯಿತು. ದಸರಾ ರಜೆಯಲ್ಲಿ ಕೆಲಸ ಶುರು ಮಾಡಿದೆ. ಜೊತೆಗೆ ಬಿಸಿಎ ಕೊನೆ ವರ್ಷದ ಒಬ್ಬ ಹುಡುಗ. ಅವನಿಗೆ ಲಿನಕ್ಸ್ ಗೊತ್ತು, ನನಗೆ ಪುಸ್ತಕ ಗೊತ್ತು. ಮಧ್ಯದ್ದನ್ನು ಇಬ್ಬರೂ ಬಿದ್ದು ಎದ್ದು ಕಲಿತೆವು. ನಿಮ್ಮ ಲೈಬ್ರರಿಯಲ್ಲೂ ಇದೇ ಕಥೆ ಇದ್ದರೆ ನಾವು ಬಿದ್ದ ಗುಂಡಿಗೆ ನೀವು ಬೀಳೋದು ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ.

ಯಾವ ಸಾಫ್ಟ್‌ವೇರ್?

ಇದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಹಳೆಯ ಪೋರ್ಟಲ್ ಹಾಕಿಕೊಟ್ಟಿದ್ದ ಕಂಪನಿ ಫೋನ್ ಎತ್ತುವುದನ್ನೇ ನಿಲ್ಲಿಸಿತ್ತು. ಸರ್ವರಿನ ಪಾಸ್‌ವರ್ಡ್ ಕೂಡ ನಮ್ಮ ಹತ್ತಿರ ಇರಲಿಲ್ಲ. ಆದ್ದರಿಂದ ನನ್ನದು ಒಂದೇ ಷರತ್ತು: ನಾಳೆ ನಾನು ವರ್ಗ ಆದರೂ ನನ್ನ ಜಾಗಕ್ಕೆ ಬರುವವರ ಕೈಯಲ್ಲಿ ಇದು ಪೂರ್ತಿಯಾಗಿ ಇರಬೇಕು. ಹಾಗಾಗಿ ಕೋಹಾ, ಲೈಬ್ರರಿಗಳಿಗೆಂದೇ ಇರುವ ಉಚಿತ ಸಾಫ್ಟ್‌ವೇರ್.

ಕೋಹಾದ ಹುಟ್ಟಿನ ಕಥೆ ನನಗೆ ಇಷ್ಟ. ನ್ಯೂಜಿಲೆಂಡಿನ ಹೊರೊಫೆನುವಾ ಅನ್ನೋ ಜಿಲ್ಲೆಯ ಲೈಬ್ರರಿಗಳು ಬಳಸುತ್ತಿದ್ದ ಹಳೆಯ ಸಾಫ್ಟ್‌ವೇರ್ 2000ನೇ ಇಸವಿ ದಾಟುವ ಭರವಸೆ ಇರಲಿಲ್ಲ. ಹೊಸದನ್ನು ಕೊಳ್ಳುವ ಬದಲು 1999ರಲ್ಲಿ ಕಟಿಪೊ ಅನ್ನೋ ಸಣ್ಣ ಕಂಪನಿಯ ಕೈಲಿ ಬರೆಸಿದರು. 2000ದ ಜನವರಿ ಮೊದಲ ವಾರಕ್ಕೇ ಅದು ಕೆಲಸ ಶುರು ಮಾಡಿತು. ಆಮೇಲೆ ಯಾರು ಬೇಕಾದರೂ ಬಳಸಿ ಅಂತ ಬಿಟ್ಟುಕೊಟ್ಟರು. ಮಾವೋರಿ ಭಾಷೆಯಲ್ಲಿ ಕೋಹಾ ಅಂದರೆ ಉಡುಗೊರೆ. ಅಂದರೆ ಇದೂ ಗಡುವಿನ ಭಯಕ್ಕೆ ಹುಟ್ಟಿದ್ದೇ. ಅವರಿಗೆ ಹೊಸ ಶತಮಾನ, ನನಗೆ ಮೇ ತಿಂಗಳು.

ಡೆಬಿಯನ್ ಅನ್ನೋ ಲಿನಕ್ಸ್ ಹಾಕಿದ ಒಂದು ಸಣ್ಣ ಬಾಡಿಗೆ ಸರ್ವರ್ ತೆಗೆದುಕೊಂಡೆವು, 4 ಜಿಬಿ ಮೆಮೊರಿಯದ್ದು. ಕಾಲೇಜಿನೊಳಗೇ ಒಂದು ಹಳೆಯ ಕಂಪ್ಯೂಟರಿನಲ್ಲಿ ಇಡಬಹುದಿತ್ತು. ಆದರೆ ನಮ್ಮೂರಿನ ಕರೆಂಟಿನ ಮೇಲೆ ನನಗೆ ನಂಬಿಕೆ ಇಲ್ಲ. ಪಾಸ್‌ವರ್ಡ್‌ಗಳನ್ನು ಬರೆದು ಲಕೋಟೆಗೆ ಹಾಕಿ ಪ್ರಾಂಶುಪಾಲರ ಬೀರುವಿನಲ್ಲಿ ಇಡಿಸಿದೆ. ಕೋಹಾ ಹಾಕುವುದು ಅರ್ಧ ದಿನದ ಕೆಲಸ. ಕೈಪಿಡಿ ನೋಡಿಕೊಂಡು ಹುಡುಗನೇ ಮುಗಿಸಿದ.

ಎಕ್ಸೆಲ್ ಶೀಟಿನ ಒಳಗೆ ಏನಿತ್ತು

ನಿಜವಾದ ಕೆಲಸ ಇಲ್ಲಿಂದ ಶುರು. ಬಂದ ಪ್ರತಿ ಪುಸ್ತಕಕ್ಕೂ ನಂಬರ್ ಕೊಟ್ಟು ಬರೆದಿಡುವ ನಮ್ಮ ಅಕ್ಸೆಷನ್ ರಿಜಿಸ್ಟರಿನ ನಕಲು ಒಂದು ಎಕ್ಸೆಲ್ ಫೈಲಿನಲ್ಲಿತ್ತು. ಹನ್ನೊಂದು ಸಾವಿರ ಚಿಲ್ಲರೆ ಸಾಲು. ಹದಿನೈದು ವರ್ಷದಲ್ಲಿ ಐದಾರು ಜನ ಟೈಪ್ ಮಾಡಿದ್ದು. ನನ್ನ ಕಂಪ್ಯೂಟರಿನಲ್ಲಿ ತೆರೆದರೆ ಚೆಂದದ ಕನ್ನಡ. ಪೋರ್ಟಲಿಗೆ ಹಾಕಿದರೆ ಕಸ.

ಕಾರಣ ನಿಮಗೆ ಗೊತ್ತಿರುತ್ತದೆ. ಅದು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು, ಯೂನಿಕೋಡ್ ಅಲ್ಲ. ಪ್ರತಿ ಲಿಪಿಯ ಅಕ್ಷರಗಳಿಗೂ ತಮ್ಮದೇ ಸಂಕೇತ ಕೊಡುವ ಜಾಗತಿಕ ಪದ್ಧತಿ ಯೂನಿಕೋಡ್. ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟ್ ಅದು. "ಕನ್ನಡ" ಅನ್ನೋ ಪದದ ಮೇಲಿನ ಫಾಂಟ್ ತೆಗೆದರೆ ಒಳಗೆ ಇರೋದು ಹೀಗೆ: ದೊಡ್ಡ ಪಿ, ತಲೆ ಮೇಲೆ ಓರೆ ಗೀಟಿರುವ ಎ, ಬ್ರಿಟನ್ನಿನ ಪೌಂಡ್ ಗುರುತು, ಮತ್ತೆ ಅದೇ ಗೀಟಿನ ಎ, ಜರ್ಮನ್ನರ ಒಂದು ಅಕ್ಷರ, ಸಣ್ಣ ಕ್ಯೂ, ಕೊನೆಗೆ ಇನ್ನೊಂದು ಗೀಟಿನ ಎ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಇದು. ಈ ಗೀಟಿನ ಎ ಅನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬರುತ್ತದೆ.

ಇದನ್ನು ಯೂನಿಕೋಡಿಗೆ ಬದಲಿಸುವ ಉಚಿತ ಕನ್ವರ್ಟರ್‌ಗಳು ಬೇಕಾದಷ್ಟಿವೆ. ತೊಂದರೆ ಅದಲ್ಲ. ನಮ್ಮ ಶೀಟಿನಲ್ಲಿ ಕನ್ನಡ ಪುಸ್ತಕ, ಇಂಗ್ಲಿಷ್ ಪುಸ್ತಕ ಎಲ್ಲ ಒಂದೇ ಕಾಲಮ್ಮಿನಲ್ಲಿ. ಇಡೀ ಕಾಲಮ್ಮನ್ನು ಕನ್ವರ್ಟರಿಗೆ ಕೊಟ್ಟರೆ ಇಂಗ್ಲಿಷ್ ಶೀರ್ಷಿಕೆಗಳೂ ಕನ್ನಡದ ಚೂರುಪಾರಾಗಿ ಹೊರಗೆ ಬರುತ್ತವೆ. ಅರ್ಥಶಾಸ್ತ್ರದ ಒಂದು ಪಠ್ಯಪುಸ್ತಕದ ಹೆಸರು ಮಂತ್ರವಾದಿಯ ಮಂತ್ರದ ಹಾಗೆ ಬಂತು.

ಎರಡು ದಿನ ಕೈಯಲ್ಲೇ ಬೇರೆ ಮಾಡಲು ನೋಡಿದೆ. ಕಣ್ಣು ಕತ್ತಲೆ ಬಂತು. ಆಗ ಹುಡುಗ ಒಂದು ಒಳ್ಳೆ ಉಪಾಯ ಹೇಳಿದ. "ಮೇಡಂ, ಅಕ್ಷರ ನೋಡಿದ್ರೆ ಗೊತ್ತಾಗಲ್ಲ. ಆದ್ರೆ ಪ್ರತಿ ಸೆಲ್ಲಿಗೂ ಯಾವ ಫಾಂಟ್ ಹಾಕಿದ್ದಾರೆ ಅಂತ ಎಕ್ಸೆಲ್‌ಗೆ ಗೊತ್ತಲ್ವಾ?" ಹೌದಲ್ವಾ! ಫೈಲನ್ನು ಹೊಸ ಎಕ್ಸೆಲ್ ರೂಪಕ್ಕೆ ಉಳಿಸಿಕೊಂಡು, ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಎಕ್ಸೆಲ್ ಫೈಲು ಓದುವ ಓಪನ್‌ಪೈಎಕ್ಸೆಲ್ ಬಳಸಿ ಪ್ರತಿ ಸೆಲ್ಲಿನ ಫಾಂಟಿನ ಹೆಸರು ಓದಿಸಿದೆವು. ಹೆಸರು "ನುಡಿ" ಅಂತ ಶುರುವಾದರೆ ಕನ್ವರ್ಟರಿಗೆ ಕಳಿಸು, ಇಲ್ಲದಿದ್ದರೆ ಮುಟ್ಟಬೇಡ. ಇಪ್ಪತ್ತು ಸಾಲಿನ ಪ್ರೋಗ್ರಾಂ. ಓಡಿಸಿ ಕಾಫಿ ಕುಡಿದು ಬರುವಷ್ಟರಲ್ಲಿ ಮುಗಿದಿತ್ತು.

ಪೂರ್ತಿ ಸರಿಯಾಯಿತು ಅಂದುಕೊಳ್ಳಬೇಡಿ. ಅರ್ಕಾವತ್ತು ಕೈಕೊಟ್ಟಿತು. ಹಳೆಯ ಫಾಂಟಿನಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲೇ ಟೈಪ್ ಮಾಡಬೇಕು. "ಕರ್ನಾಟಕ"ಕ್ಕೆ ಮೊದಲು ಕ, ಆಮೇಲೆ ನಾ, ಅದರ ಬೆನ್ನಿಗೆ ಅರ್ಕಾವತ್ತು, ಆಮೇಲೆ ಟಕ. ಯೂನಿಕೋಡಿನಲ್ಲಿ ಉಚ್ಚರಿಸುವ ಕ್ರಮ: ಕ, ರ್, ನಾ, ಟ, ಕ. ಕನ್ವರ್ಟರ್ ಆ ರ್ ಅನ್ನು ಹಿಂದಿನಿಂದ ಎಳೆದು ನಾ ಮುಂದೆ ತರಬೇಕು. ಸಾಮಾನ್ಯವಾಗಿ ತರುತ್ತದೆ. ಆದರೆ ನಮ್ಮಲ್ಲಿ ಯಾರೋ ಒಬ್ಬರಿಗೆ ಅರ್ಕಾವತ್ತಿನ ಮುಂಚೆ ಸ್ಪೇಸ್ ಒತ್ತುವ ಅಭ್ಯಾಸ ಇತ್ತು. ಕಾಗದದ ಮೇಲೆ ಅದು ಕಾಣುವುದೇ ಇಲ್ಲ. ಕನ್ವರ್ಟರಿಗೆ ಮಾತ್ರ ಎಳೆಯಲು ಅಕ್ಷರ ಸಿಗದೆ ಆ ಗುರುತನ್ನು ಹಾಗೇ ಬಿಟ್ಟಿತ್ತು. ಫಾಂಟ್ ಇಲ್ಲದೆ ನೋಡಿದರೆ ಅದು ಐಸ್‌ಲ್ಯಾಂಡಿನವರು ಬಳಸುವ ಒಂದು ಅಕ್ಷರ. ಐಸ್‌ಲ್ಯಾಂಡಿನ ಪುಸ್ತಕ ನಮ್ಮಲ್ಲಿ ಒಂದೂ ಇಲ್ಲವಾದ್ದರಿಂದ ಆ ಅಕ್ಷರ ಎಲ್ಲೆಲ್ಲಿದೆ ಅಂತ ಹುಡುಕಿ ಒಂದೊಂದಾಗಿ ಸರಿಮಾಡಿದೆ. ಇನ್ನೂರಕ್ಕೂ ಜಾಸ್ತಿ ಸಾಲು.

ಈಚಿನ ಸಾಲುಗಳು ಯೂನಿಕೋಡಿನಲ್ಲೇ ಇದ್ದವು. ಅವಾದರೂ ಸಲೀಸು ಅಂದುಕೊಂಡಿದ್ದೆ. ಕುವೆಂಪು ಅಂತ ಶೀಟಿನಲ್ಲಿ ಹುಡುಕಿದೆ. ಕೆಲವು ಪುಸ್ತಕ ಸಿಕ್ಕವು, ಕೆಲವು ಸಿಗಲಿಲ್ಲ. ಸಿಗದ ಸಾಲನ್ನು ಕಣ್ಣಾರೆ ನೋಡುತ್ತಿದ್ದೇನೆ, "ಕುವೆ೦ಪು" ಅಂತಲೇ ಇದೆ. ಅರ್ಧ ಗಂಟೆ ಆದ ಮೇಲೆ ಗೊತ್ತಾಯಿತು: ಅದು ಅನುಸ್ವಾರ ಅಲ್ಲ, ಕನ್ನಡದ ಸೊನ್ನೆ! ಮೇಲಿನದನ್ನು ಇನ್ನೊಂದು ಸಲ ನೋಡಿ, ನಾನು ಬೇಕೆಂದೇ ಸೊನ್ನೆ ಹಾಕಿದ್ದೇನೆ. ಕೆಲವು ಫಾಂಟಿನಲ್ಲಿ ಎರಡಕ್ಕೂ ಕೂದಲೆಳೆಯ ವ್ಯತ್ಯಾಸ. ಟೈಪ್ ಮಾಡಿದವರು ದುಂಡಗೆ ಕಂಡದ್ದನ್ನು ಒತ್ತಿದ್ದಾರೆ, ಅವರ ತಪ್ಪೇನಿಲ್ಲ. ಸೊನ್ನೆಯ ಹಿಂದೆ ಕನ್ನಡ ಅಕ್ಷರ ಇದ್ದರೆ ಅದನ್ನು ಅನುಸ್ವಾರ ಮಾಡು ಅಂತ ಒಂದು ಸಾಲು ಸೇರಿಸಿದೆವು. ನಿಮ್ಮ ಬಳಿ ಯಾವುದೇ ಕನ್ನಡ ದತ್ತಾಂಶ ಇದ್ದರೂ ಈ ಒಂದು ಪರೀಕ್ಷೆ ಮಾಡಿ ನೋಡಿ. ಖಂಡಿತ ಸಿಗುತ್ತವೆ.

ಎಕ್ಸೆಲ್ ತಾನಾಗಿ ಮಾಡಿದ ಉಪಕಾರಗಳೂ ಇದ್ದವು. 00457 ಅನ್ನೋ ಅಕ್ಸೆಷನ್ ನಂಬರನ್ನು 457 ಮಾಡಿತ್ತು. ಪುಸ್ತಕದ ಮೇಲಿನ ಬಾರ್‌ಕೋಡಿನಲ್ಲಿ ಸೊನ್ನೆಗಳಿವೆ, ಶೀಟಿನಲ್ಲಿಲ್ಲ. ಸೊನ್ನೆಯಿಂದ ಶುರುವಾಗುವ ಹತ್ತಂಕಿಯ ಹಳೆಯ ಐಎಸ್‌ಬಿಎನ್‌ಗಳಿಗೂ ಅದೇ ಗತಿ. ಕಾಲಮ್ಮನ್ನು ಪಠ್ಯ ಅಂತ ಮೊದಲೇ ಗುರುತು ಮಾಡಿದ್ದರೆ ಇದಾಗುತ್ತಿರಲಿಲ್ಲ. ಅಕ್ಸೆಷನ್ ನಂಬರುಗಳಿಗೆ ನಾವು ಎಡಗಡೆ ಸೊನ್ನೆ ತುಂಬಿ ಐದಂಕಿ ಮಾಡಿದೆವು, ಮುಗಿಯಿತು.

ಮಾರ್ಕ್

ಲೈಬ್ರರಿ ಸಾಫ್ಟ್‌ವೇರ್‌ಗಳು ಎಕ್ಸೆಲ್ ತಿನ್ನುವುದಿಲ್ಲ, ಮಾರ್ಕ್ ತಿನ್ನುತ್ತವೆ. 1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಹೆನ್ರಿಯೆಟ್ ಅವ್ರಾಮ್ ಅನ್ನೋ ಪ್ರೋಗ್ರಾಮರ್ ರೂಪಿಸಿದ ವಿಧಾನ. ಪುಸ್ತಕದ ಪ್ರತಿ ವಿವರಕ್ಕೂ ಒಂದು ಮೂರಂಕಿ ಮನೆ: ಶೀರ್ಷಿಕೆ 245ರಲ್ಲಿ, ಲೇಖಕರು 100ರಲ್ಲಿ, ವಿಷಯದ ಪ್ರಕಾರ ಪುಸ್ತಕ ಜೋಡಿಸುವ ಡ್ಯೂಯಿ ವರ್ಗಸಂಖ್ಯೆ 082ರಲ್ಲಿ. ನಮ್ಮ ಕೈಯಲ್ಲಿರುವ ಪ್ರತಿಯ ವಿವರ, ಅಂದರೆ ಬಾರ್‌ಕೋಡ್, ಬೀರು, ಬೆಲೆ ಎಲ್ಲ ಕೋಹಾದಲ್ಲಿ 952ಕ್ಕೆ.

ಎಕ್ಸೆಲ್‌ನಿಂದ ಮಾರ್ಕ್ ಮಾಡಲು ಮಾರ್ಕ್‌ಎಡಿಟ್ ಬಳಸಿದೆವು. ಉಚಿತವಾಗಿ ಸಿಗುತ್ತದೆ. ಯಾವ ಕಾಲಮ್ ಯಾವ ಮನೆಗೆ ಅಂತ ಒಂದು ಸಲ ಹೇಳಿದರೆ ಸಾಕು. ಎಡವಿದ್ದು ಎರಡು ಕಡೆ. ಒಂದು, ದಾಖಲೆಯ ತಲೆಬರಹದಲ್ಲಿ, ಅದನ್ನು ಲೀಡರ್ ಅಂತಾರೆ, 9ನೇ ಸ್ಥಾನದಲ್ಲಿ ಸಣ್ಣ ಎ ಇರಬೇಕು. ಅದಿದ್ದರೆ ಒಳಗಿರೋದು ಯೂನಿಕೋಡ್ ಅಂತ ಅರ್ಥ. ಖಾಲಿ ಇದ್ದರೆ ಹಳೆಯ ಕಾಲದ ಬೇರೆ ಲಿಪಿವ್ಯವಸ್ಥೆ ಅಂತ ಓದಿಕೊಳ್ಳಬಹುದು. ಎಣಿಕೆ ಸೊನ್ನೆಯಿಂದ ಶುರು ಅನ್ನೋದು ಮರೆತು ನಾನು ಎಂಟನೆಯದರಲ್ಲಿ ಹಾಕಿದ್ದೆ. ಎರಡು, 008ನೇ ಮನೆಯಲ್ಲಿ ಭಾಷೆಯ ಸಂಕೇತ ಬರೆಯಬೇಕು. ಕನ್ನಡಕ್ಕೆ ಕೆ, ಎ, ಎನ್. ಒಂದೇ ಮಾದರಿ ದಾಖಲೆ ಬಳಸಿದ್ದರಿಂದ ಎಲ್ಲ ಪುಸ್ತಕಕ್ಕೂ ಇಂಗ್ಲಿಷಿನ ಸಂಕೇತವೇ ಹೋಗಿತ್ತು. ಹೀಗಾಗಿ ಒಂದು ವಾರ ನಮ್ಮ ಪೋರ್ಟಲಿನ ಪ್ರಕಾರ ಬೇಂದ್ರೆ ಇಂಗ್ಲಿಷ್ ಕವಿ.

ಐಸಿಯುಗೆ ಹಾಕಿದ್ದು

ದತ್ತಾಂಶ ಒಳಗೆ ಹೋಯಿತು. ಪುಸ್ತಕದ ಪುಟ ತೆರೆದರೆ ಕನ್ನಡ ಮುದ್ದಾಗಿ ಕಾಣುತ್ತದೆ. ಖುಷಿಯಿಂದ "ಜಾನಪದ" ಅಂತ ಹುಡುಕಿದೆ. ಸೊನ್ನೆ.

ಮತ್ತೆ ಸೊನ್ನೆ! ಹೊಸ ಸರ್ವರ್, ಹೊಸ ಸಾಫ್ಟ್‌ವೇರ್, ತೊಳೆದ ದತ್ತಾಂಶ, ಅದೇ ಹಳೆಯ ಸೊನ್ನೆ.

ಕೋಹಾ ತಾನಾಗಿ ಹುಡುಕುವುದಿಲ್ಲ. ಒಳಗೆ ಜೀಬ್ರಾ ಅನ್ನೋ ಇನ್ನೊಂದು ಸಾಫ್ಟ್‌ವೇರ್ ಇದೆ. ಅದು ಎಲ್ಲ ದಾಖಲೆಗಳ ಪದಗಳನ್ನು ಕಿತ್ತು ಒಂದು ಪಟ್ಟಿ ಮಾಡಿಟ್ಟುಕೊಳ್ಳುತ್ತದೆ, ಪುಸ್ತಕದ ಕೊನೆಯ ಪದಸೂಚಿಯ ಹಾಗೆ. ಪದ ಅಂದರೆ ಏನು, ಯಾವುದು ಅಕ್ಷರ, ಯಾವುದು ಕಸ ಅನ್ನೋದನ್ನು ಅದಕ್ಕೆ ಹೇಳಿಕೊಡಬೇಕು. ಹೇಳಿಕೊಡುವ ವಿಧಾನ ಎರಡು. ಮೊದಲಿನಿಂದ ಬಂದಿರುವುದು ಸಿಎಚ್‌ಆರ್, ಅದರಲ್ಲಿ ಅಕ್ಷರಗಳ ಒಂದು ಪಟ್ಟಿ ಇರುತ್ತದೆ. ಆ ಪಟ್ಟಿ ಯೂರೋಪಿನ ಲಿಪಿಗಳನ್ನು ನೋಡಿಕೊಂಡು ಮಾಡಿದ್ದು. ಎರಡನೆಯದು ಐಸಿಯು, ಯೂನಿಕೋಡಿನ ನಿಯಮಗಳನ್ನೇ ಬಳಸುವ ವ್ಯವಸ್ಥೆ. ಕನ್ನಡಕ್ಕೆ ಇದೇ ಬೇಕು.

"ಸರಿ, ಐಸಿಯುಗೆ ಹಾಕಿಬಿಡೋಣ" ಅಂದೆ. ಅಟೆಂಡರ್ ಗಾಬರಿಯಿಂದ ಎದ್ದು ನಿಂತರು. "ಯಾರನ್ನ ಮೇಡಂ?"

ಜೀಬ್ರಾದ ಡಿಫಾಲ್ಟ್ ಐಡಿಎಕ್ಸ್ ಅನ್ನೋ ಫೈಲಿನಲ್ಲಿ ಪದ, ನುಡಿಗಟ್ಟು ಹೀಗೆ ಒಂದೊಂದಕ್ಕೂ ಬೇರೆ ಬೇರೆ ಖಂಡ ಇದೆ. ಪ್ರತಿ ಖಂಡದಲ್ಲೂ ಸಿಎಚ್‌ಆರ್ ಸಾಲನ್ನು ತೆಗೆದು ಐಸಿಯು ಸಾಲು ಹಾಕಬೇಕು. ಒಂದು ಖಂಡ ಮರೆತರೂ ಅರ್ಧ ಹುಡುಕಾಟ ಸಿಗುತ್ತದೆ, ಅರ್ಧ ಸಿಗಲ್ಲ, ಯಾಕೆ ಅಂತ ಗೊತ್ತಾಗದೆ ತಲೆ ಕೆಡುತ್ತದೆ. ಆಮೇಲೆ ಇಡೀ ಸೂಚಿಯನ್ನು ಮೊದಲಿನಿಂದ ಕಟ್ಟಿಸಬೇಕು. ಫೈಲ್ ಬದಲಿಸಿದ್ದು ತಾನಾಗಿ ಹಳೆಯ ಸೂಚಿಗೆ ತಾಗುವುದಿಲ್ಲ. ಕೋಹಾದ ಆಡಳಿತದ ಪುಟದಲ್ಲೂ ಐಸಿಯುಗೆ ಸಂಬಂಧಿಸಿದ ಒಂದು ಆಯ್ಕೆ ಇದೆ, ಅದನ್ನೂ ಬದಲಿಸಿದೆವು.

"ಜಾನಪದ" ಸಿಕ್ಕಿತು! ಇಡೀ ಪುಟ ತುಂಬಾ. ಅಟೆಂಡರನ್ನು ಕರೆದು ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು, "ಕೆರೆ ಹಾಕಿ ನೋಡಣ" ಅಂದರು. ಹಾಕಿದೆ. ಮೊದಲ ಫಲಿತಾಂಶ ಆದಾಯ ಕರದ ಕೈಪಿಡಿ. ಎರಡನೆಯದು ಮಾರಾಟ ಕರ. ಮೂರನೆಯದು ಕೆರೆ. ನಾಲ್ಕನೆಯದು ಮತ್ತೆ ಕರ.

"ಕೆರೆಗೂ ತೆರಿಗೆ ಹಾಕಿದ್ದಾರಾ?" ಅಂತ ನಕ್ಕು ಅವರು ಸ್ಟೂಲಿಗೆ ಹೋದರು.

ತಪ್ಪು ನಾನೇ ಮಾಡಿದ್ದು. ನಮ್ಮಲ್ಲಿ ಸಂಸ್ಕೃತದ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ, ತಲೆ ಮೇಲೆ ಗೀಟು, ಕೆಳಗೆ ಚುಕ್ಕಿ ಹಾಕಿ ಅಚ್ಚು ಮಾಡಿದ ಹಳೆಯ ಪುಸ್ತಕಗಳಿವೆ. ಗೀಟು ಚುಕ್ಕಿ ಟೈಪ್ ಮಾಡದೆಯೂ ಅವು ಸಿಗಲಿ ಅಂತ, ಐಸಿಯು ನಿಯಮಗಳ ಫೈಲಿನಲ್ಲಿ ಒಂದು ಸಿದ್ಧ ಸಾಲನ್ನು ಸೇರಿಸಿದ್ದೆ. ಪ್ರತಿ ಅಕ್ಷರವನ್ನು ಬಿಡಿಸು, ಅಗಲ ಇಲ್ಲದ ಗುರುತುಗಳನ್ನು ಕಿತ್ತುಹಾಕು, ಮತ್ತೆ ಜೋಡಿಸು ಅನ್ನೋ ನಿಯಮ. ಯೂರೋಪಿನ ಭಾಷೆಗಳಿಗೆ ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ.

ಕನ್ನಡಕ್ಕೆ ಏನು ಮಾಡುತ್ತದೆ ಅಂತ ನೋಡಲು ಯಾಜ್-ಐಸಿಯು ಅನ್ನೋ ಪುಟ್ಟ ಸಾಧನ ಇದೆ. ನಿಯಮದ ಫೈಲು ಕೊಟ್ಟು ಒಂದು ಪದ ಬರೆದರೆ, ಸೂಚಿಯ ಒಳಗೆ ಅದು ಏನಾಗಿ ಕೂರುತ್ತದೆ ಅಂತ ತೋರಿಸುತ್ತದೆ. "ಕೆರೆ" ಬರೆದೆ. "ಕರ" ಬಂತು. "ಮನೆ" ಬರೆದೆ. "ಮನ". "ಹಳ್ಳಿ" ಬರೆದರೆ "ಹಳಳ". "ಬೆಳೆ"ಯೂ "ಬಳೆ"ಯೂ "ಬಳ". ಆದರೆ "ಕಾಡು" ಹಾಗೇ "ಕಾಡು".

ಯೂನಿಕೋಡಿನ ಪಟ್ಟಿ ತೆಗೆದು ನೋಡಿದಾಗ ಗುಟ್ಟು ಬಿಚ್ಚಿಕೊಂಡಿತು. ಕನ್ನಡದ ಗುಣಿತ ಚಿಹ್ನೆಗಳನ್ನು ಯೂನಿಕೋಡ್ ಎರಡು ಗುಂಪು ಮಾಡಿದೆ. ದೀರ್ಘ, ಕೊಂಬು ಇಂಥವು ಅಕ್ಷರದ ಪಕ್ಕಕ್ಕೆ ಜಾಗ ತೆಗೆದುಕೊಳ್ಳುತ್ತವೆ. ಗುಡಿಸು, ಎತ್ವ, ಔತ್ವ, ಅರ್ಧಾಕ್ಷರದ ಗುರುತು ಇವು ಜಾಗ ತೆಗೆದುಕೊಳ್ಳದೆ ಮೇಲೆ ಕೂರುತ್ತವೆ, ಆದ್ದರಿಂದ ಇವು ಬೇರೆ ಗುಂಪು. ನನ್ನ ನಿಯಮ ಎರಡನೇ ಗುಂಪನ್ನು ಗುಡಿಸಿ ಹಾಕುತ್ತಿತ್ತು. ಫ್ರೆಂಚರಿಗೆ ತಲೆ ಮೇಲಿನ ಗೀಟು ಹೇಗೋ, ನಮ್ಮ ಎತ್ವವೂ ಹಾಗೇ ಅಂತ ಅದರ ತಿಳಿವಳಿಕೆ.

ಇನ್ನೂ ಮಜಾ ಅಂದರೆ ಒತ್ವ. ಬಿಡಿಸು ಅಂದರೆ ಯೂನಿಕೋಡ್ ಅದನ್ನು ಎತ್ವ ಮತ್ತು ಕೊಂಬಿನ ದೀರ್ಘವಾಗಿ ಬಿಡಿಸುತ್ತದೆ. ಎತ್ವ ಹೋಗುತ್ತದೆ, ಕೊಂಬು ಉಳಿಯುತ್ತದೆ. ಹಾಗಾಗಿ "ಕೊಡಗು" ಒಳಗೆ ಹೋಗಿ "ಕೂಡಗು" ಆಗಿ ಕೂತಿತ್ತು. ಬಿಡಿಸಿದರೆ ಹೀಗೆ ಆಗುತ್ತದೆ ಅಂತ ಕಾಗುಣಿತ ಕಲಿಸಿದ ಮೇಷ್ಟ್ರು ಹೇಳಿರಲಿಲ್ಲ.

ಆ ಸಾಲು ಕಿತ್ತೆ. ಅದರ ಜಾಗದಲ್ಲಿ ಇಂಗ್ಲಿಷ್ ಲಿಪಿಗೆ ಸೇರುವ ಗೀಟು ಚುಕ್ಕಿಗಳನ್ನು ಮಾತ್ರ ತೆಗೆ ಅಂತ ಬರೆದೆವು. ಮತ್ತೆ ಸೂಚಿ ಕಟ್ಟಿಸಿದೆವು. ಕೆರೆ ಕೆರೆಯಾಯಿತು, ಕರ ಕರವಾಯಿತು.

ಅದೇ ಫೈಲಿನಲ್ಲಿ ಇನ್ನೊಂದು ಸಾಲು ಸೇರಿಸಲೇಬೇಕು. "ಸಾಫ್ಟ್‌ವೇರ್" ಅಂತ ಬರೆಯುವಾಗ ಟ್ ಮತ್ತು ವೇ ಒಂದಕ್ಕೊಂದು ಅಂಟಿಕೊಂಡು ಒತ್ತಕ್ಷರ ಆಗದಿರಲಿ ಅಂತ ನಡುವೆ ಒಂದು ಕಾಣದ ಚಿಹ್ನೆ ಹಾಕುತ್ತೇವೆ. ಕೀಬೋರ್ಡ್ ಕೆಲವೊಮ್ಮೆ ತಾನೇ ಹಾಕುತ್ತದೆ. ಒಬ್ಬರು ಹಾಕಿರುತ್ತಾರೆ, ಇನ್ನೊಬ್ಬರು ಹಾಕಿರುವುದಿಲ್ಲ. ಕಂಪ್ಯೂಟರಿಗೆ ಅವು ಎರಡು ಪದ. ಫೈಲಿನಲ್ಲಿ ಮೊದಲೇ ಇದ್ದ "ನಿಯಂತ್ರಣ ಚಿಹ್ನೆಗಳನ್ನು ತೆಗೆ" ಅನ್ನೋ ನಿಯಮ ಇದನ್ನು ಹಿಡಿಯುವುದಿಲ್ಲ, ಯೂನಿಕೋಡ್ ಇದನ್ನು ಬೇರೆ ಗುಂಪಿಗೆ ಸೇರಿಸಿದೆ. 200ಸಿ, 200ಡಿ ಅನ್ನೋ ಸಂಕೇತದ ಎರಡೂ ಚಿಹ್ನೆಗಳನ್ನು ಹೆಸರಿಟ್ಟು ತೆಗೆಸಬೇಕು. ಸೂಚಿಯಿಂದ ಮಾತ್ರ, ದಾಖಲೆಯಿಂದ ಅಲ್ಲ. ದಾಖಲೆಯಲ್ಲಿ ತೆಗೆದರೆ ಪರದೆಯ ಮೇಲೆ ಪದವೇ ವಿಕಾರ ಆಗುತ್ತದೆ.

ಮರ, ಮರಣ, ಮರಾಠಿ

ಕನ್ನಡದಲ್ಲಿ ಹುಡುಕುವವರು "ಕೆರೆ" ಅಂತಾರೆ, ಪುಸ್ತಕದ ಹೆಸರಿನಲ್ಲಿ "ಕೆರೆಗಳು" ಅಂತಲೋ "ಕೆರೆಯ" ಅಂತಲೋ ಇರುತ್ತದೆ. ಪ್ರತ್ಯಯ ಅಂಟುವ ಭಾಷೆ ನಮ್ಮದು. ಅದಕ್ಕೆ ಪದದ ಮೊದಲ ಭಾಗ ಹೊಂದಿದರೂ ತೋರಿಸು ಅನ್ನೋ ಆಯ್ಕೆಯನ್ನು ಹಾಕಿದೆವು. ಇದರಿಂದ "ಮರ" ಹುಡುಕಿದವರಿಗೆ ಮರಗಳ ಜೊತೆ ಮರಣ, ಮರಳು, ಮರಾಠಿ ಸಾಹಿತ್ಯ ಎಲ್ಲ ಬರುತ್ತದೆ. ಹುಡುಗನಿಗೆ ಇದು ಇಷ್ಟ ಆಗಲಿಲ್ಲ. ನನ್ನ ಪ್ರಕಾರ ಏನೂ ಸಿಗದೆ ವಾಪಸ್ ಹೋಗುವುದಕ್ಕಿಂತ ಜಾಸ್ತಿ ಸಿಗುವುದು ವಾಸಿ. ಲೈಬ್ರರಿ ಸೈನ್ಸಿನ ಪಿತಾಮಹ ರಂಗನಾಥನ್ ಅವರ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಿ ಅನ್ನುತ್ತದಲ್ಲ ಅಂತ ಅವನು ವಾದ ಮಾಡಿದ. ಲೈಬ್ರರಿ ಸೈನ್ಸ್ ಓದಿದ್ದು ನಾನು, ಸೂತ್ರ ಹೇಳುವವನು ಅವನು! ಆದರೂ ಆಯ್ಕೆ ಹಾಗೇ ಇದೆ.

ಲೇಖಕರ ಹೆಸರಿಗೆ ಬೇರೆ ಔಷಧ. ಕುವೆಂಪು ಅಂತಲೂ ಇದೆ, ಕೆ.ವಿ. ಪುಟ್ಟಪ್ಪ ಅಂತಲೂ ಇದೆ. ಬೇಂದ್ರೆ, ದ.ರಾ. ಬೇಂದ್ರೆ, ಅಂಬಿಕಾತನಯದತ್ತ. ಮಾಸ್ತಿ ಇನ್ನೊಂದು ಕಡೆ ಶ್ರೀನಿವಾಸ. ಇವಕ್ಕೆ ಅಥಾರಿಟಿ ದಾಖಲೆ ಅಂತ ಮಾಡುತ್ತಾರೆ: ಒಂದು ಮುಖ್ಯ ಹೆಸರು, ಉಳಿದವೆಲ್ಲ ಅದಕ್ಕೆ ದಾರಿ ತೋರಿಸುವ ಹೆಸರುಗಳು. ಕನ್ನಡದಲ್ಲಿ ಕಾವ್ಯನಾಮ ಇಲ್ಲದ ದೊಡ್ಡ ಲೇಖಕರನ್ನು ಹುಡುಕುವುದೇ ಕಷ್ಟ. ಸದ್ಯಕ್ಕೆ ನೂರಿಪ್ಪತ್ತು ಜನರದ್ದು ಮುಗಿದಿದೆ. ಇದು ಬೇಗ ಮುಗಿಯುವ ಕೆಲಸ ಅಲ್ಲ, ಸಂಜೆ ಹೊತ್ತು ಮಾಡುತ್ತಿದ್ದೇನೆ.

ಇನ್ನು ಮಕ್ಕಳು. ಅವರು ಫೋನಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯುತ್ತಾರೆ. ಬೈದು ಪ್ರಯೋಜನ ಇಲ್ಲ. ಪ್ರತಿ ಕನ್ನಡ ಶೀರ್ಷಿಕೆಯನ್ನೂ ಇಂಗ್ಲಿಷ್ ಲಿಪಿಗೆ ತಿರುಗಿಸಿ 246ನೇ ಮನೆಯಲ್ಲಿ ಇಟ್ಟೆವು, ಪರ್ಯಾಯ ಶೀರ್ಷಿಕೆಗೆ ಇರುವ ಜಾಗ ಅದು. ತಿರುಗಿಸುವ ಪ್ರೋಗ್ರಾಂ ಪಂಡಿತರ ಹಾಗೆ ಗೀಟು ಚುಕ್ಕಿ ಹಾಕಿ ಕೊಟ್ಟಿತು. ಅವನ್ನು ಕಿತ್ತುಹಾಕಲು ನಾನು ಆವತ್ತು ಶಾಪ ಹಾಕಿದ ಅದೇ ನಿಯಮ ಬೇಕಾಯಿತು. "ಜೀವನ"ದ ಜೀಯನ್ನು ಒಂದು ಐ ಹಾಕಿ ಬರೆಯುವವರೂ ಇದ್ದಾರೆ, ಎರಡು ಇ ಹಾಕುವವರೂ ಇದ್ದಾರೆ. ಎರಡನ್ನೂ ಇಟ್ಟೆವು.

ಮೊದಲ ಪುಟದ ಬಗ್ಗೆ ಹೇಳುವುದು ಕಮ್ಮಿ. ಓಡುವ ಅಕ್ಷರ ಹೋಯಿತು, ಮೀಟರ್ ಹೋಯಿತು. ದೊಡ್ಡ ಹುಡುಕುವ ಪೆಟ್ಟಿಗೆ, ಕೆಳಗೆ ನಾಲ್ಕು ಕೊಂಡಿ: ಹಳೆಯ ಪ್ರಶ್ನೆಪತ್ರಿಕೆಗಳು, ಇನ್‌ಫ್ಲಿಬ್‌ನೆಟ್‌ನವರ ಎನ್-ಲಿಸ್ಟ್ (ಕಾಲೇಜುಗಳಿಗೆ ಇ-ಪುಸ್ತಕ, ಇ-ಪತ್ರಿಕೆ ಒದಗಿಸುವ ಯೋಜನೆ), ಪಿಎಚ್‌ಡಿ ಪ್ರಬಂಧಗಳ ಶೋಧಗಂಗಾ, ನ್ಯಾಷನಲ್ ಡಿಜಿಟಲ್ ಲೈಬ್ರರಿ. ಕಟ್ಟಡದ ಫೋಟೋ ಉಳಿಸಿಕೊಳ್ಳಬೇಕಾಯಿತು, ಮೇಲಿನವರ ಅಪ್ಪಣೆ. ಕೋಹಾ ಪ್ರತಿ ರಾತ್ರಿ ತಾನೇ ಒಂದು ಬ್ಯಾಕಪ್ ಮಾಡಿಡುತ್ತದೆ. ಅದು ಅದೇ ಸರ್ವರಿನಲ್ಲಿ ಇದ್ದರೆ ಏನು ಬಂತು? ಪ್ರತಿ ಸೋಮವಾರ ಲೈಬ್ರರಿಯ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತೇನೆ. ಕೋಹಾದಿಂದಲೇ ಪುಸ್ತಕಗಳ ಲೇಬಲ್ ಅಚ್ಚು ಹಾಕುವಾಗ ಒತ್ತಕ್ಷರ ಸರಿಯಾಗಿ ಕೂರದ ಕಾರಣ, ಪಟ್ಟಿಯನ್ನು ಇಳಿಸಿಕೊಂಡು ಲಿಬ್ರೆಆಫೀಸಿನಲ್ಲಿ ಅಚ್ಚು ಹಾಕಿದೆವು.

ಬೀರುಗಳ ಹೆಸರು

ಒಂದು ವಿಷಯದಲ್ಲಿ ಮಾತ್ರ ನಾನು ಪುಸ್ತಕದ ಪಾಠ ಬಿಟ್ಟೆ. ಡ್ಯೂಯಿ ಪ್ರಕಾರ ಕನ್ನಡ ಸಾಹಿತ್ಯ 894.814. ಅದರಲ್ಲಿ ಕಾವ್ಯ 894.8141, ನಾಟಕ 894.8142, ಕಥೆ ಕಾದಂಬರಿ 894.8143. ಪೋರ್ಟಲಿನಲ್ಲಿ ಈ ಸಂಖ್ಯೆ ನೋಡಿ ಬೀರುವಿನ ಹತ್ತಿರ ನೇರ ಹೋಗುವ ಒಬ್ಬ ವಿದ್ಯಾರ್ಥಿಯನ್ನೂ ನಾನು ಇಷ್ಟು ವರ್ಷದಲ್ಲಿ ನೋಡಿಲ್ಲ. ಎಲ್ಲರೂ ಬಂದು ಅಣ್ಣನನ್ನೇ ಕೇಳುತ್ತಿದ್ದರು.

ಕೋಹಾದಲ್ಲಿ ಪ್ರತಿಯ ವಿವರಕ್ಕೆ ಸ್ಥಳ ಅಂತ ಒಂದು ಜಾಗ ಇದೆ. ಅದರಲ್ಲಿ ಏನೇನು ಬರಬಹುದು ಅಂತ ನಾವೇ ಪಟ್ಟಿ ಕೊಡಬಹುದು. ಸಾಮಾನ್ಯವಾಗಿ "ಪರಾಮರ್ಶನ ವಿಭಾಗ" ಅಂತೆಲ್ಲ ಹಾಕುತ್ತಾರೆ. ನಾನು ನೋಟ್‌ಬುಕ್ ಹಿಡಿದು ಎರಡು ದಿನ ಅವರ ಹಿಂದೆ ತಿರುಗಿದೆ. ಅವರು ಬೀರು ಮುಟ್ಟಿ ಹೆಸರು ಹೇಳಿದರು, ನಾನು ಬರೆದುಕೊಂಡೆ. ಕಿಟಕಿ ಪಕ್ಕದ ಬೀರು. ಕಂಬದ ಹಿಂದಿನ ರ‍್ಯಾಕು. ನಲ್ಲಿ ಗೋಡೆ. ಗಾಜು ಒಡೆದ ಬೀರು. ಆ ಗಾಜು ಹಾಕಿಸಿ ಆರು ವರ್ಷ ಆಯಿತು, ಹೆಸರು ಮಾತ್ರ ಅದೇ. ಇದೇ ಹೆಸರುಗಳನ್ನು ಪಟ್ಟಿಗೆ ಹಾಕಿ, ಅದೇ ಹೆಸರಿನ ಚೀಟಿಯನ್ನು ಬೀರುಗಳ ಮೇಲೂ ಅಂಟಿಸಿದೆವು. ಈಗ ಪೋರ್ಟಲಿನಲ್ಲಿ ಪುಸ್ತಕದ ಹೆಸರಿನ ಕೆಳಗೆ "ಗಾಜು ಒಡೆದ ಬೀರು" ಅಂತ ಬರುತ್ತದೆ. ತಪಾಸಣೆಗೆ ಬರುವವರು ಕೇಳಿದರೆ ಏನು ಹೇಳಬೇಕು ಅಂತ ಇನ್ನೂ ಯೋಚಿಸಿಲ್ಲ.

ಎಲ್ಲ ಮುಗಿಯಿತು ಅನ್ನಿಸಿದ ದಿನ, ಏಪ್ರಿಲ್ ಕೊನೆಯಲ್ಲಿ, ಅವರನ್ನೇ ಕೂರಿಸಿದೆ. ಒಂದೇ ಬೆರಳಲ್ಲಿ ನಿಧಾನಕ್ಕೆ "ಕೆರೆ" ಅಂತ ಟೈಪ್ ಮಾಡಿದರು. ಹದಿನಾಲ್ಕು ಪುಸ್ತಕ ಬಂದವು. ಒಂದೂ ಕರ ಇರಲಿಲ್ಲ. ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ನೋಡಿದರು.

"ಒಂದು ಕಮ್ಮಿ ಇದೆ ಮೇಡಂ."

"ಇಲ್ಲ ಅಣ್ಣಾ, ಎಲ್ಲ ಹಾಕಿದೀವಿ."

"ನೀಲಿ ರಟ್ಟಿಂದು."

ಎದ್ದು ಹೋಗಿ ಪುಸ್ತಕ ತಂದೇ ಬಿಟ್ಟರು. ಬಾರ್‌ಕೋಡ್ ಓದಿಸಿದೆ. ದಾಖಲೆ ಇತ್ತು. ಆದರೆ ಶೀರ್ಷಿಕೆಯ ಜಾಗದಲ್ಲಿ ಹಳೆಯ ಕಸ: ಪೌಂಡ್ ಗುರುತು, ಗೀಟಿನ ಎ. ಯಾರೋ ಬೇರೆ ಶೀಟಿನಿಂದ ನಕಲು ಮಾಡಿ ಅಂಟಿಸುವಾಗ ಆ ಸೆಲ್ಲಿನ ಫಾಂಟಿನ ಹೆಸರು ಏರಿಯಲ್ ಆಗಿಬಿಟ್ಟಿತ್ತು. ನಮ್ಮ ಪ್ರೋಗ್ರಾಂ ಹೆಸರು ನೋಡಿ ಇಂಗ್ಲಿಷ್ ಅಂದುಕೊಂಡು ಮುಟ್ಟದೆ ಬಿಟ್ಟಿದೆ. ಬದಲಿಸಿದ ಸಾಲುಗಳನ್ನೆಲ್ಲ ಪರೀಕ್ಷೆ ಮಾಡಿದ್ದೆವು. ಬದಲಿಸದ ಸಾಲುಗಳ ಕಡೆ ಯಾರೂ ನೋಡಿರಲಿಲ್ಲ.

ಗೀಟಿನ ಎ ಹಳೆಯ ನುಡಿಯ ಹೆಚ್ಚುಕಮ್ಮಿ ಪ್ರತಿ ಪದದಲ್ಲೂ ಬರುತ್ತದೆ. ನಮ್ಮ ಇಂಗ್ಲಿಷ್ ಪುಸ್ತಕಗಳಲ್ಲಿ ಬರುವುದೇ ಇಲ್ಲ. ಇಡೀ ದತ್ತಾಂಶದಲ್ಲಿ ಆ ಒಂದು ಅಕ್ಷರ ಹುಡುಕಿದೆವು. ಇನ್ನೂ ಅರವತ್ತಮೂರು ಸಾಲು ಸಿಕ್ಕವು. ಬದಲಿಸಿ, ಸೂಚಿ ಕಟ್ಟಿಸಿ, ಮತ್ತೆ ಅವರನ್ನು ಕರೆದೆ.

ಮತ್ತೆ ಒಂದೇ ಬೆರಳು. ಕೆರೆ. ಹದಿನೈದು. ಕೊನೆಯದರ ಕೆಳಗೆ "ಕಿಟಕಿ ಪಕ್ಕದ ಬೀರು" ಅಂತ ಬಂದಿತ್ತು.

"ಈಗ ಇಲ್ಲಿದೆಯಲ್ಲ ಮೇಡಂ, ನಿಮ್ಮ ಟೇಬಲ್ ಮೇಲೆ" ಅಂದು, ಪುಸ್ತಕ ತೆಗೆದುಕೊಂಡು ಹೋಗಿ ಮೂರನೇ ಸಾಲಿನಲ್ಲಿ ಇಟ್ಟು ಬಂದರು.